‘ಸಣ್ಣ ತಳಿ, ಹೊಂದ್ಕೊಂತೈತಿ’ ಎಂಬ ಸುಳ್ಳು

“ಅದೇನ್ ದೊಡ್ಡ ಹಸ್ಕಿ ಅಲ್ರೀ, ಸಣ್ಣ ತಳಿ. ಇಲ್ಲೇ ಹುಟ್ಟಿದ ಮರಿ, ಇಲ್ಲೀ ಹವಾಕ್ಕ ಹೊಂದ್ಕೊಂತೈತಿ.”

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಹೊಸ ಬಡಾವಣೆಗಳಲ್ಲಿ ನೀಲಿ ಕಣ್ಣಿನ, ದಟ್ಟ ತುಪ್ಪಟದ ಸಣ್ಣ ನಾಯಿಯೊಂದು ಗೇಟಿನ ಹಿಂದೆ ನಾಲಗೆ ಚಾಚಿ ತೇಕುತ್ತಿರುವುದನ್ನು ಕಂಡು ಯಾಕೆ ತಂದಿರಿ ಎಂದು ಕೇಳಿದರೆ ಸಿಗುವ ಉತ್ತರ ಇದು. ಮರಿ ಮಾರಿದವನು ಈ ಮಾತು ಹೇಳಿದ್ದಾನೆ, ಕೊಂಡವನು ನಂಬಿದ್ದಾನೆ, ನೆರೆಯವರು ತಲೆದೂಗಿದ್ದಾರೆ. ಹಸ್ಕಿಯನ್ನೂ ಪಾಮೇರಿಯನ್ನನ್ನೂ ಕೂಡಿಸಿ ಹುಟ್ಟಿಸಿ ‘ಪಾಮ್‌ಸ್ಕಿ’, ‘ಮಿನಿ ಹಸ್ಕಿ’, ‘ಹಸ್ಕಿ ಮಿಕ್ಸ್’ ಎಂದು ಮಾರುವ ಈ ನಾಯಿಗಳ ವಿಷಯದಲ್ಲಿ ಆ ಒಂದು ಮಾತಿನೊಳಗೆ ಎರಡು ಸುಳ್ಳುಗಳಿವೆ. ಮೈ ಸಣ್ಣದಾದರೆ ಸ್ವಭಾವವೂ ಸಣ್ಣದಾಗುತ್ತದೆ ಎನ್ನುವುದು ಒಂದು. ಒಂದು ಊರಿನಲ್ಲಿ ಹುಟ್ಟಿದರೆ ಆ ಊರಿನ ಬಿಸಿಲು ಮೈಗೆ ತಾನೇ ಒಗ್ಗುತ್ತದೆ ಎನ್ನುವುದು ಇನ್ನೊಂದು. ಈ ಸುಳ್ಳುಗಳ ಬೆಲೆಯನ್ನು ಮಾರಿದವನು ಕೊಡುವುದಿಲ್ಲ, ಕೊಂಡವನೂ ಅಷ್ಟಾಗಿ ಕೊಡುವುದಿಲ್ಲ. ಮಾತು ಬಾರದ ಆ ಜೀವ ಪ್ರತಿ ಬೇಸಿಗೆಯಲ್ಲೂ ಕೊಡುತ್ತದೆ.

ಮೊದಲು ಹವೆಯ ಮಾತು ತೆಗೆದುಕೊಳ್ಳೋಣ. ಸೈಬೀರಿಯನ್ ಹಸ್ಕಿಯನ್ನು ರೂಪಿಸಿದವರು ಸೈಬೀರಿಯದ ಈಶಾನ್ಯ ತುದಿಯ ಚುಕ್ಚಿ ಜನ. ಹಿಮದ ಮೇಲೆ ಹಗುರ ಬಂಡಿಯನ್ನು ದಿನಗಟ್ಟಲೆ ಎಳೆಯಲೆಂದು ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದ ನಾಯಿ ಅದು. 1909ರ ಹೊತ್ತಿಗೆ ಅಲಾಸ್ಕದ ನೋಮ್ ಪಟ್ಟಣಕ್ಕೆ ಬಂತು, 1930ರಲ್ಲಿ ಅಮೆರಿಕದ ಕೆನಲ್ ಕ್ಲಬ್ ಅದನ್ನು ತಳಿಯೆಂದು ಮಾನ್ಯ ಮಾಡಿತು. ಅದರ ಮೈಮೇಲೆ ಎರಡು ಪದರದ ತುಪ್ಪಟ. ಒಳಗೆ ಉಣ್ಣೆಯಂಥ ಮೆತ್ತನೆಯ ದಟ್ಟ ಪದರ, ಹೊರಗೆ ನೀರು ಜಾರಿಸುವ ಉದ್ದ ಕೂದಲು. ಸೊನ್ನೆಗಿಂತ 40–50 ಡಿಗ್ರಿ ಕೆಳಗಿನ ಚಳಿಯಲ್ಲೂ ಹಿಮದಲ್ಲೇ ಮುದುಡಿ ಮಲಗಬಲ್ಲ ಮೈ. ಇನ್ನು ಪಾಮೇರಿಯನ್? ಅದೂ ಯುರೋಪಿನ ಬಾಲ್ಟಿಕ್ ಕರಾವಳಿಯ ಚಳಿನಾಡಿನ ನಾಯಿ, ಅದಕ್ಕೂ ಎರಡು ಪದರದ ತುಪ್ಪಟ. ಎರಡು ಚಳಿನಾಡಿನ ತುಪ್ಪಟಗಳನ್ನು ಕೂಡಿಸಿದರೆ ಬಯಲುಸೀಮೆಯ ಮೈ ಹೇಗೆ ಹುಟ್ಟುತ್ತದೆ? ತಂದೆ, ತಾಯಿ ಇಬ್ಬರಿಂದಲೂ ಬರದ ಗುಣವನ್ನು ರಾಣೇಬೆನ್ನೂರಿನ ಗಾಳಿ ಕೊಟ್ಟುಬಿಡುತ್ತದೆಯೇ?

ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ. ಪಾದದ ಮೆತ್ತೆಗಳಲ್ಲಿ ಅಷ್ಟಿಷ್ಟು ಬೆವರುತ್ತದೆ, ಉಳಿದ ಬಿಸಿಯನ್ನು ಹೆಚ್ಚಾಗಿ ಬಾಯಿ ತೆರೆದು ತೇಕಿ ಹೊರಹಾಕಬೇಕು. ತೇಕಿದಾಗ ನಾಲಗೆ, ಬಾಯಿ, ಶ್ವಾಸನಾಳದ ತೇವ ಆರಿ ರಕ್ತ ತಣಿಯುತ್ತದೆ. ಹೊರಗಿನ ಗಾಳಿಯೇ ಕಾದಿದ್ದರೆ ಅಥವಾ ಮಳೆಗಾಲದ ಮುಂಚಿನ ದಿನಗಳಂತೆ ತೇವದಿಂದ ಭಾರವಾಗಿದ್ದರೆ ಆ ತಣಿವು ಸರಿಯಾಗಿ ನಡೆಯುವುದಿಲ್ಲ. ನಾಯಿಯ ಮೈಬಿಸಿ ಸಹಜವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಮಿದುಳು, ಮೂತ್ರಪಿಂಡ, ಕರುಳು ಎಲ್ಲಕ್ಕೂ ಪೆಟ್ಟು ಬೀಳತೊಡಗುತ್ತದೆ. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 37–38 ಡಿಗ್ರಿ ಬಿಸಿಲು ಅಪರೂಪವಲ್ಲ. ನೆರಳಿನ ಗಾಳಿಯ ಲೆಕ್ಕವದು. ಮಾಳಿಗೆಯ ಸಿಮೆಂಟು, ತಗಡಿನ ಕೆಳಗಿನ ಪಾರ್ಕಿಂಗ್ ಜಾಗ, ಡಾಂಬರು ರಸ್ತೆ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತವೆ. ಇಲ್ಲಿಯೇ ‘ಸಣ್ಣ ತಳಿ’ ಎಂಬ ಸಮಾಧಾನ ತಲೆಕೆಳಗಾಗುತ್ತದೆ. ಕಾಲು ಗಿಡ್ಡವಾದಷ್ಟೂ ಹೊಟ್ಟೆ ನೆಲಕ್ಕೆ ಹತ್ತಿರ, ನೆಲದ ಝಳ ಇನ್ನೂ ಹತ್ತಿರ. ಸಣ್ಣ ಮೈ ಬೇಗ ಕಾಯುತ್ತದೆ. ಗಾತ್ರ ಕುಗ್ಗಿಸಿ ನಾವು ಆ ನಾಯಿಗೆ ಬಿಸಿಲನ್ನು ಕಡಿಮೆ ಮಾಡಲಿಲ್ಲ, ಇನ್ನಷ್ಟು ಸಮೀಪಕ್ಕೆ ತಂದೆವು.

ಅದಕ್ಕೊಂದು ಸಿದ್ಧ ಉತ್ತರವಿದೆ: “ಕೂದಲಾ ಬೋಳಿಸಿದ್ರ ಆತಲ್ಲ!” ಎಷ್ಟು ಜನ ಮಾರ್ಚ್ ಬಂದೊಡನೆ ಕತ್ತರಿ, ಮಶೀನು ಹಿಡಿಯುತ್ತಾರೆ! ಎರಡು ಪದರದ ತುಪ್ಪಟದ ಹೊರಕೂದಲು ಬಿಸಿಲನ್ನು ಚರ್ಮಕ್ಕೆ ನೇರವಾಗಿ ತಾಗದಂತೆ ತಡೆಯುತ್ತದೆ. ಅದನ್ನು ಬುಡದವರೆಗೆ ಬೋಳಿಸಿದರೆ ಚರ್ಮ ಸುಡುತ್ತದೆ, ಮತ್ತೆ ಬೆಳೆಯುವ ಕೂದಲು ಗಂಟುಗಂಟಾಗಿ, ತೇಪೆತೇಪೆಯಾಗಿ ಬರಬಹುದು, ಕೆಲವು ನಾಯಿಗಳಲ್ಲಿ ಬಾರದೆಯೇ ಹೋಗಬಹುದು. ಮಾಡಬೇಕಾದ್ದು ಬೇರೆ. ವರ್ಷಕ್ಕೆರಡು ಸಲ ಒಳಪದರ ಮುದ್ದೆಮುದ್ದೆಯಾಗಿ ಉದುರುವಾಗ ದಿನಾ ಬಾಚಿ ಸತ್ತ ಕೂದಲನ್ನು ತೆಗೆಯಬೇಕು, ಉಳಿದ ದಿನಗಳಲ್ಲಿ ವಾರಕ್ಕೆ ಎರಡು ಮೂರು ಸಲ ಬಾಚಬೇಕು. ಬೋಳಿಸುವುದಕ್ಕೆ ಅರ್ಧ ತಾಸು ಸಾಕು, ಬಾಚುವುದಕ್ಕೆ ವರ್ಷವಿಡೀ ತಾಳ್ಮೆ ಬೇಕು. ಆ ತಾಳ್ಮೆ ಇಲ್ಲದವರು ಈ ನಾಯಿಯನ್ನು ಯಾಕೆ ತಂದರು?

“ನಮ್ಮ ಮನ್ಯಾಗ ಎಸಿ ಐತ್ರೀ” ಎನ್ನುವವರೂ ಇದ್ದಾರೆ. ಕರೆಂಟು ಹೋದ ಮಧ್ಯಾಹ್ನ ಏನು? ಮನೆಯವರೆಲ್ಲ ಮದುವೆಗೆಂದು ಬೀಗ ಹಾಕಿ ಹೋದ ದಿನ ಏನು? ಎಲ್ಲಕ್ಕಿಂತ ಮುಖ್ಯವಾಗಿ, ಎಸಿ ಕೋಣೆಯಲ್ಲಿ ಓಟ ಎಲ್ಲಿದೆ? ಮೈ ತಣ್ಣಗಿಟ್ಟರೆ ಸಾಕು, ಒಳಗಿನ ಓಡುವ ಹಂಬಲ ತಾನಾಗಿ ಆರಿಹೋಗುತ್ತದೆ ಎಂದುಕೊಂಡವರಿಗೆ ಹಸ್ಕಿ ಎಂದರೆ ಏನೆಂದು ಗೊತ್ತೇ ಇಲ್ಲ.

ಮೈ ಸಣ್ಣದಾದರೆ ಸ್ವಭಾವವೂ ಸಣ್ಣದು ಎಂಬ ಆ ಇನ್ನೊಂದು ಸುಳ್ಳಿನ ವಿರುದ್ಧ ನನಗೆ ಇನ್ನೂ ಹೆಚ್ಚು ಸಿಟ್ಟಿದೆ. 1925ರ ಚಳಿಗಾಲದಲ್ಲಿ ನೋಮ್ ಪಟ್ಟಣದಲ್ಲಿ ಗಂಟಲಮಾರಿ ಹಬ್ಬಿತು. ಔಷಧವನ್ನು ನಾಯಿಬಂಡಿಗಳ ಸರಣಿಯಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿಸಿದರು. ಆ ಓಟದ ಅತಿ ಉದ್ದದ, ಅತಿ ಅಪಾಯದ ಭಾಗವನ್ನು ಮುಂದೆ ನಿಂತು ಎಳೆದದ್ದು ಲೆನಾರ್ಡ್ ಸೆಪ್ಪಾಲನ ‘ಟೋಗೊ’. ಆ ಟೋಗೊ ಮರಿಯಾಗಿದ್ದಾಗ ತೀರ ಸಣ್ಣದು, ಬಂಡಿಗೆ ಬಾರದ್ದು, ಮನೆಯಲ್ಲಿ ಸಾಕಲಷ್ಟೇ ಲಾಯಕ್ಕು ಎಂದು ಸೆಪ್ಪಾಲ ಅದನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದ. ಅದು ಆ ಮನೆಯ ಕಿಟಕಿಯ ಗಾಜು ಒಡೆದು ಹಾರಿ, ಮೈಲಿಗಟ್ಟಲೆ ಓಡಿ ಅವನ ಬಳಿಗೇ ಮರಳಿತು. ಸಣ್ಣ ಹಸ್ಕಿ ಮನೆಯ ಮೂಲೆಯಲ್ಲಿ ತೆಪ್ಪಗಿರುತ್ತದೆ ಎಂಬ ನಂಬಿಕೆಯನ್ನು ಒಂದು ನಾಯಿ ನೂರು ವರ್ಷಕ್ಕೂ ಹಿಂದೆಯೇ ಗಾಜಿನೊಂದಿಗೆ ಒಡೆದುಹಾಕಿದೆ. ನಾವು ಇಂದಿಗೂ ಅದೇ ನಂಬಿಕೆಯ ಮೇಲೆ ಸಾವಿರಗಟ್ಟಲೆ ರೂಪಾಯಿ ಮುಂಗಡ ಕೊಡುತ್ತಿದ್ದೇವೆ.

ಹಸ್ಕಿಯ ಸ್ವಭಾವ ಕೆಟ್ಟದ್ದಲ್ಲ. ಜನ ಕಂಡರೆ ಅಕ್ಕರೆ, ಮಕ್ಕಳ ಜೊತೆ ಆಟ, ತನ್ನ ಗುಂಪು ಬಿಟ್ಟಿರಲಾರದ ಮನಸ್ಸು. ಆದರೆ ಅದು ತನ್ನ ಬುದ್ಧಿಯಿಂದ ನಡೆಯುವ ನಾಯಿ. ಹಿಮ ಒಡೆಯುವಂತಿದ್ದರೆ ಒಡೆಯನ ಅಪ್ಪಣೆ ಮೀರಿ ನಿಲ್ಲಬೇಕಾದ ಕೆಲಸ ಅದರದ್ದಾಗಿತ್ತು, ಆ ಸ್ವತಂತ್ರ ಬುದ್ಧಿಯನ್ನೇ ಆರಿಸಿ ಬೆಳೆಸಿದರು. ಅದನ್ನು ನಾವು ‘ಹಟಮಾರಿ’ ಎನ್ನುತ್ತೇವೆ. ಕೆಲಸವಿಲ್ಲದಿದ್ದರೆ ನೆಲ ಕೆರೆಯುತ್ತದೆ, ಸೋಫಾ ಹರಿಯುತ್ತದೆ, ಗೇಟು ಹಾರುತ್ತದೆ, ಕಂಪೌಂಡಿನ ಕೆಳಗೆ ಬಿಲ ತೋಡಿ ಓಡುತ್ತದೆ. ಅದಕ್ಕೆ ಪಾಮೇರಿಯನ್ನಿನ ಗುಣ ಸೇರಿದಾಗ ಸಣ್ಣ ಸದ್ದಿಗೂ ಬೊಗಳುವ ಚುರುಕು, ತನ್ನವರನ್ನು ಬಿಟ್ಟಿರಲಾರದ ತವಕ ಜೊತೆಯಾಗುತ್ತವೆ. ಮರಿ ಯಾರ ಮೇಲೆ ಹೋಗುತ್ತದೆ, ಅಪ್ಪನ ಮೇಲೋ ಅವ್ವನ ಮೇಲೋ, ಮೊದಲೇ ಹೇಳಬಲ್ಲವರಿಲ್ಲ. ಒಂದೇ ಸೂಲಿನ ಒಂದು ಮರಿ 7 ಕಿಲೋಗೆ ನಿಲ್ಲಬಹುದು, ಇನ್ನೊಂದು 15 ಕಿಲೋ ದಾಟಬಹುದು. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ತಳಿಯೆಂದೇ ಗುರುತಿಸಿಲ್ಲ. ಹಾಗಿರುವಾಗ ‘ಇಷ್ಟೇ ಬೆಳಿತೈತಿ’ ಎಂದು ಕೈ ಅಳತೆ ತೋರಿಸುವವನು ಯಾವ ಆಧಾರದ ಮೇಲೆ ತೋರಿಸುತ್ತಾನೆ? ರಾಣೇಬೆನ್ನೂರು ಬಿತ್ತನೆ ಬೀಜದ ವ್ಯಾಪಾರಕ್ಕೆ ನಾಡಿನಲ್ಲೇ ಹೆಸರಾದ ಊರು. ಅಲ್ಲಿಗೆ ಬರುವ ರೈತ ಯಾವ ಮಣ್ಣಿಗೆ, ಯಾವ ಹಂಗಾಮಿಗೆ, ಎಷ್ಟು ನೀರಿಗೆ ಎಂದು ಕೇಳದೆ ಒಂದು ಪಾಕೀಟು ಬೀಜ ಕೊಳ್ಳುವುದಿಲ್ಲ. ಹನ್ನೆರಡು, ಹದಿನಾಲ್ಕು ವರ್ಷ ಬಾಳುವ ಜೀವವನ್ನು ಕೊಳ್ಳುವಾಗ ಅದೇ ಊರಿನಲ್ಲಿ ಒಂದು ಪ್ರಶ್ನೆಯೂ ಇಲ್ಲವೇ?

ಮೊಬೈಲಿನಲ್ಲಿ ಹರಿದಾಡುವ ಆ ವಿಡಿಯೊಗಳನ್ನು ನೋಡಿ. ಒಂಟಿಯಾಗಿ ಕಟ್ಟಿಹಾಕಿದ ನಾಯಿ ಕತ್ತು ಮೇಲೆತ್ತಿ ಊಳಿಡುತ್ತದೆ, ಹಿಂದಿನಿಂದ ಮನೆಯವರು ನಗುತ್ತಾರೆ, “ನೋಡ್ರೀ, ಮಾತಾಡ್ತೈತಿ” ಎನ್ನುತ್ತಾರೆ. ಊಳಿಡುವುದು ಗುಂಪಿನ ನಾಯಿ ತನ್ನವರನ್ನು ಕರೆಯುವ ದನಿ. ಹಿಂಡು ಸುತ್ತಲಿದ್ದಾಗ ಅದು ಸಂಭಾಷಣೆ, ದಿನವಿಡೀ ಒಂಟಿಯಾಗಿದ್ದಾಗ ಮೊರೆ. ಒಂದು ಜೀವದ ಮೊರೆಯನ್ನು ಸಂಗೀತ ಕೂಡಿಸಿ ಹಂಚಿ, ಅದಕ್ಕೆ ಸಾವಿರ ಹೃದಯದ ಚಿಹ್ನೆಗಳು ಬಿದ್ದವೆಂದು ಹಿಗ್ಗುವ ನಾವು ಯಾವ ಬಗೆಯ ಪ್ರಾಣಿಪ್ರಿಯರು? ಆ ವಿಡಿಯೊ ನೋಡಿದವರಲ್ಲಿ ಹತ್ತು ಜನ “ಎಲ್ಲಿ ಸಿಗತೈತಿ, ರೇಟ್ ಎಷ್ಟ್ರೀ?” ಎಂದು ಕೆಳಗೆ ಬರೆಯುತ್ತಾರೆ. ಮುಂದಿನ ಸೂಲಿಗೆ ಬೇಡಿಕೆ ಅಲ್ಲಿಯೇ ಹುಟ್ಟುತ್ತದೆ.

ಕಾವಲಿಗೆಂದು ತಂದು ಗೇಟಿಗೆ ಕಟ್ಟಿದವರಿಗೂ ಒಂದು ಮಾತು. ಹಸ್ಕಿ ಅಪರಿಚಿತನನ್ನೂ ಬಾಲ ಅಲ್ಲಾಡಿಸಿ ಬರಮಾಡಿಕೊಳ್ಳುವ ನಾಯಿ, ಕಾವಲು ಅದರ ಕೆಲಸವಲ್ಲ. ಅದು ಕಚ್ಚತೊಡಗಿದರೆ ಕಾವಲು ಕಲಿತಿದೆ ಎಂದು ಬೀಗಬೇಡಿ, ಅದು ಹೆದರಿದೆ. ಸರಪಳಿಯಲ್ಲೇ ಬೆಳೆದ, ಮರಿಯಿದ್ದಾಗ ಜನ, ಸದ್ದು, ಬೇರೆ ನಾಯಿಗಳ ಪರಿಚಯವೇ ಆಗದ ನಾಯಿ ಭಯದಿಂದ ಹಲ್ಲು ತೋರಿಸುತ್ತದೆ. ಇದು ಬರಿಯ ಮರುಕದ ಮಾತಲ್ಲ, ಕಾನೂನಿನ ಮಾತು ಕೂಡ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಟ್ಟ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದನ್ನೇ ಅಪರಾಧವೆಂದು ಎಣಿಸಿದೆ. ಉಪವಾಸ, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದೂ ಅದೇ ಕಲಮಿನಡಿ ಅಪರಾಧ. ದಂಡ? ಮೊದಲ ಸಲಕ್ಕೆ 10 ರೂಪಾಯಿಯಿಂದ 50 ರೂಪಾಯಿ. ಅರವತ್ತು ವರ್ಷ ದಾಟಿದರೂ ಆ ಮೊತ್ತ ಹಾಗೆಯೇ ಇದೆ. ಈ ದಂಡಕ್ಕೆ ಯಾರು ಹೆದರಬೇಕು?

ಮೂರು ಊರುಗಳಲ್ಲೂ ಆ ಜೀವಕ್ಕೆ ಬೇರೆ ಬೇರೆ ಕಷ್ಟ ಕಾದಿದೆ. ಬ್ಯಾಡಗಿಯಲ್ಲಿ ಸುಗ್ಗಿಯ ತಿಂಗಳುಗಳು ಬಂದರೆ ಮೆಣಸಿನಕಾಯಿ ಮಾರುಕಟ್ಟೆಯ ಸುತ್ತಮುತ್ತ ಗಾಳಿಯೇ ಕೆಂಪಾಗುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಮೆಣಸಿನಕಾಯಿಯ ಬಗ್ಗೆ ನಮಗೆಲ್ಲ ಅಭಿಮಾನವಿದೆ. ಆದರೆ ತಲೆತಲಾಂತರದಿಂದ ಅಲ್ಲಿ ದುಡಿಯುವ ಹಮಾಲರೇ ಟವೆಲ್ಲು ಸುತ್ತಿಕೊಂಡು ಕೆಮ್ಮುವ ಆ ಘಾಟಿನಲ್ಲಿ, ವಾಸನೆಯೇ ಬದುಕಾದ ಮೂಗಿನ ನಾಯಿಯೊಂದು, ತುಪ್ಪಟದ ಒಳಪದರದ ತುಂಬ ಮೆಣಸಿನ ಧೂಳು ಹೊತ್ತು, ಅದನ್ನೇ ನಾಲಗೆಯಿಂದ ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತ ಬದುಕಬೇಕು. ಪಾಮೇರಿಯನ್ ರಕ್ತದ ನಾಯಿಗಳಲ್ಲಿ ಶ್ವಾಸನಾಳ ಕುಸಿಯುವ ರೋಗ ಮೊದಲೇ ಹೆಚ್ಚು. ಕೆಮ್ಮು ಹತ್ತಿದ ನಾಯಿಯ ಕುತ್ತಿಗೆಗೆ ಪಟ್ಟಿ ಬಿಗಿದು ಜಗ್ಗಿದರೆ ಅದರ ಉಸಿರೇ ಸಿಕ್ಕಿಕೊಳ್ಳುತ್ತದೆ.

ರಾಣೇಬೆನ್ನೂರಿನ ಪಕ್ಕದಲ್ಲೇ 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ. ಕೃಷ್ಣಮೃಗ, ತೋಳ, ನರಿಗಳ ಜಾಗ. ಹಸ್ಕಿಯ ರಕ್ತದಲ್ಲಿ ಓಡುವುದನ್ನು ಅಟ್ಟುವ ಹುಕಿ ಬಲವಾಗಿದೆ. ಗೇಟು ಹಾರಿದ, ಅಥವಾ ಸಾಕಾಗಿ ಊರ ಹೊರಗೆ ಬಿಟ್ಟುಬಂದ ನಾಯಿ ಎಲ್ಲಿಗೆ ಹೋಗುತ್ತದೆ? ಕುರಿಹಟ್ಟಿಗೆ, ಕೋಳಿಗೂಡಿಗೆ, ಇಲ್ಲವೇ ಆ ಹುಲ್ಲುಗಾವಲಿಗೆ. ಲಸಿಕೆ ಕಾಣದ ನಾಯಿಯಿಂದ ಡಿಸ್ಟೆಂಪರ್‌ನಂಥ ರೋಗ ನರಿ, ತೋಳಗಳಿಗೂ ದಾಟಬಲ್ಲದು. ಕುರಿ ಸತ್ತರೆ ನಷ್ಟ ಯಾರಿಗೆ? ತಂದವನಿಗಲ್ಲ, ಕುರಿಗಾಹಿಗೆ. ಹಾವೇರಿಯಲ್ಲಾದರೆ ಊರ ಮಗ್ಗುಲಲ್ಲೇ ರಾಷ್ಟ್ರೀಯ ಹೆದ್ದಾರಿ 48 ಇದೆ. ರಸ್ತೆಯ ಭಯವೇ ಇಲ್ಲದೆ ಎದುರಿಗೆ ಕಂಡತ್ತ ಓಡುವ ನಾಯಿಗೆ ಆ ಹೆದ್ದಾರಿ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕೆ?

ಊಟದ ಮಾತೂ ಇದೆ. ಹಾಲು, ರೊಟ್ಟಿ, ಬಿಸ್ಕೀಟು ಕೊಟ್ಟು “ಚೊಲೊ ತಿಂತೈತಿ” ಎನ್ನುತ್ತೇವೆ. ಹಸ್ಕಿಗಳಲ್ಲಿ ಸತುವಿನ ಕೊರತೆಯಿಂದ ಕಣ್ಣು, ಬಾಯಿಯ ಸುತ್ತ ಚರ್ಮ ಒಡೆದು ಹಕ್ಕಳೆಗಟ್ಟುವ ಕಾಯಿಲೆ ಉಳಿದ ನಾಯಿಗಳಿಗಿಂತ ಹೆಚ್ಚು. ಬರೀ ಕಾಳುಕಡಿಯ ಊಟ ಸತುವನ್ನು ಮೈಗೆ ಹತ್ತಗೊಡುವುದಿಲ್ಲ. ಮೊಟ್ಟೆ, ಮಾಂಸ, ಮೀನು ಮನೆಯೊಳಗೆ ತರಲಾರದವರು ಪಶುವೈದ್ಯರನ್ನು ಕೇಳಿ ಪೂರ್ಣ ಆಹಾರವನ್ನಾದರೂ ಕೊಡಬೇಕು. ಅದೂ ಆಗದಿದ್ದರೆ ಈ ನಾಯಿ ಆ ಮನೆಯದ್ದಲ್ಲ. ಮೇಲಾಗಿ ಉಣ್ಣಿಯ ಕಾಟ. ದಟ್ಟ ತುಪ್ಪಟದೊಳಗೆ ಉಣ್ಣಿ ಕಣ್ಣಿಗೆ ಬೀಳುವ ಹೊತ್ತಿಗೆ ಉಣ್ಣಿಜ್ವರ ರಕ್ತ ಸೇರಿರುತ್ತದೆ, ನಾಯಿಯ ಒಸಡು ಬಿಳಿಚಿಕೊಂಡ ಮೇಲೆ ಮನೆಯವರು ಆಸ್ಪತ್ರೆಗೆ ಓಡುತ್ತಾರೆ.

ಈ ಎಲ್ಲದರ ಹಿಂದೆ ಯಾರೂ ಫೋಟೊ ಹಾಕದ ಇನ್ನೊಂದು ನಾಯಿ ಇದೆ. ಮರಿಯ ತಾಯಿ. ಅವಳು ಸಾಮಾನ್ಯವಾಗಿ ಹಸ್ಕಿ, ಯಾಕೆಂದರೆ ಹಸ್ಕಿಯ ಮರಿಗಳನ್ನು ಹೊರಬೇಕಾದರೆ ಪುಟ್ಟ ಪಾಮೇರಿಯನ್ ಹೆಣ್ಣು ಸತ್ತೇ ಹೋಗಬಹುದು. 2017ರ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ಸ್ಪಷ್ಟವಾಗಿವೆ. ಮರಿ ಮಾಡಿಸಿ ಮಾರುವವನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಹೆಣ್ಣಿಗೆ 18 ತಿಂಗಳು ತುಂಬುವ ಮೊದಲು ಮರಿ ಹಾಕಿಸಬಾರದು. ವರ್ಷಕ್ಕೆ ಒಂದೇ ಸೂಲು, ಇಡೀ ಆಯುಷ್ಯಕ್ಕೆ ಐದು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ “30 ದಿನದ ಮರಿ ರೆಡಿ” ಎಂದು ಬರುವ ಜಾಹೀರಾತುಗಳನ್ನು ನಾವೆಲ್ಲ ನೋಡಿಲ್ಲವೇ? ಮೂರನೆಯ ವಾರದಿಂದ ಮೂರು ತಿಂಗಳವರೆಗಿನ ದಿನಗಳಲ್ಲಿ ಮರಿ ಜಗತ್ತನ್ನು ಕಲಿಯುತ್ತದೆ. ಎಷ್ಟು ಗಟ್ಟಿಯಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ತಾಯಿ, ಒಡಹುಟ್ಟಿದವರ ಜೊತೆ ಉರುಳಾಡುತ್ತಲೇ ಅರಿಯುತ್ತದೆ. ಆ ಶಾಲೆಯಿಂದ ಒಂದೇ ತಿಂಗಳಿಗೆ ಕಿತ್ತು ತಂದು, ಆಮೇಲೆ “ಹುಡುಗರಿಗೆ ಕಚ್ಚತೈತಿ, ಗುಣ ಸರಿಯಿಲ್ಲ” ಎಂದು ದೂರುವುದು ಎಂಥ ನ್ಯಾಯ?

ಪ್ರಾಣಿ ಸಾಕುವ ತಿಳಿವಳಿಕೆ ನಮ್ಮ ಸೀಮೆಗೆ ಇಲ್ಲವೆಂದಲ್ಲ. ಇದ್ದೂ ನಾವು ಅದನ್ನು ಬಳಸದಿರುವುದೇ ನನಗೆ ನುಂಗಲಾಗದ ಸಂಗತಿ. ದೀಪಾವಳಿಯ ಹೋರಿ ಹಬ್ಬಕ್ಕೆ ಹೋರಿ ಕಟ್ಟುವ ಹಾವೇರಿಯ ಮನೆಗಳಲ್ಲಿ ಹೋರಿಯ ಮೇವು ಯಾವುದು, ಯಾವಾಗ ಈಸಾಡಿಸಬೇಕು, ಯಾವ ಹೊತ್ತಿಗೆ ಓಡಿಸಬೇಕು, ಯಾವ ಹವೆಗೆ ಒಳಗೆ ಕಟ್ಟಬೇಕು ಎಂಬುದು ಹುಡುಗರಿಗೂ ಬಾಯಿಪಾಠ. ಹೋರಿಯ ಸ್ವಭಾವ ನೋಡಿ ಹೆಸರಿಡುತ್ತಾರೆ, ಅದು ಸತ್ತರೆ ಊರೇ ಸೇರಿ ಮೆರವಣಿಗೆ ಮಾಡಿ ಮಣ್ಣು ಮಾಡುತ್ತದೆ. ಕುರಿ ಕಾಯುವವರಿಗೆ ತಮ್ಮ ನಾಯಿ ಎಷ್ಟು ನಡೆಯುತ್ತದೆ, ಎಲ್ಲಿ ನೆರಳು ಬೇಡುತ್ತದೆ ಎಂಬುದು ಗೊತ್ತು. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಗೊರವಯ್ಯಗಳು ತಮ್ಮನ್ನು ದೇವರ ನಾಯಿಗಳೆಂದು ಕರೆದುಕೊಂಡು, ಬೊಗಳುತ್ತ, ದೋಣಿಯಲ್ಲಿ ಬಡಿಸಿದ್ದನ್ನು ಪ್ರಸಾದವೆಂದು ಉಣ್ಣುತ್ತಾರೆ. ನಾಯಿಯ ನಿಷ್ಠೆಯನ್ನೇ ಭಕ್ತಿಯ ಎತ್ತರಕ್ಕೇರಿಸಿದ ಗುಡ್ಡ ಅದು. ಕನ್ನಡ ನಾಡು ನಾಯಿಗೆ ಕಲ್ಲು ನೆಟ್ಟ ನಾಡು. ಕ್ರಿ.ಶ. 949–50ರ ಆತಕೂರು ಶಾಸನದ ಮಣಲೆರ, ಯುದ್ಧದ ಶೌರ್ಯಕ್ಕೆ ಮೆಚ್ಚಿದ ದೊರೆ ಬೇಕಾದ್ದು ಕೇಳೆಂದಾಗ ‘ಕಾಳಿ’ ಎಂಬ ನಾಯಿಯನ್ನೇ ಕೇಳಿ ಪಡೆದ. ಅದು ಕಾಡುಹಂದಿಯೊಡನೆ ಕಾದಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಿಸಿದ. ಕಾಳಿ ತಾನು ಹುಟ್ಟಿದ ಕೆಲಸವನ್ನು ಮಾಡುತ್ತ ಸತ್ತಿತು. ನಾವು ತಂದ ನಾಯಿ ಯಾವ ಕೆಲಸ ಮಾಡುತ್ತ ಸಾಯುತ್ತಿದೆ?

“ನಮ್ಮ ದುಡ್ಡು, ನಮ್ಮ ಮನಿ, ನಮ್ಮ ಇಷ್ಟ” ಎನ್ನುವವರು ಈ ವಾದವನ್ನು ಮುಗಿಸಿಬಿಟ್ಟೆವೆಂದು ತಿಳಿದಿದ್ದಾರೆ. ಹನ್ನೆರಡು ವರ್ಷದ ನರಳಾಟ ಇಷ್ಟದ ಪಟ್ಟಿಗೆ ಸೇರುವುದಿಲ್ಲ. ಶೋಕಿ ಎಂಬುದು ಹೇಗೆ ಹಬ್ಬುತ್ತದೆಂದು ನಾವು ಕಂಡಿದ್ದೇವೆ. 2003ರ ಹೊತ್ತಿಗೆ ಹಚ್ ಕಂಪನಿಯ ಜಾಹೀರಾತಿನ ಪಗ್ ನಾಯಿ ಮನೆಮನೆಯ ಟಿವಿಯಲ್ಲಿ ಹುಡುಗನ ಹಿಂದೆ ನಡೆದದ್ದೇ ತಡ, ಚಪ್ಪಟೆ ಮೂಗಿನಿಂದ ಉಸಿರಾಡಲು ಒದ್ದಾಡುವ ಆ ನಾಯಿ ಸಣ್ಣ ಸಣ್ಣ ಊರುಗಳಿಗೂ ಬಂತು. 2022ರಲ್ಲಿ ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’ ನೋಡಿ ನಾಡೇ ಅತ್ತಿತು. ಆ ಚಿತ್ರದ ಕಥೆಯ ಒಳಗೇ ದುಡ್ಡಿಗಾಗಿ ಬೇಕಾಬಿಟ್ಟಿ ಮರಿ ಮಾಡಿಸುವವರ ಕ್ರೌರ್ಯವಿದೆ, ಅದರಿಂದ ಬಂದ ರೋಗವಿದೆ. ಆ ಅಳು ಯಾಕೆ ನಮ್ಮ ಕೈಗಳನ್ನು ಜೇಬಿನ ಕಡೆ ಹೋಗದಂತೆ ತಡೆಯಲಿಲ್ಲ? 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ‘ಉಗ್ರ’ ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು, ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಮನುಷ್ಯನಿಗೆ ಅಪಾಯವಾಗುವ ನಾಯಿಯ ಬಗ್ಗೆ ಅಷ್ಟು ಮಾತಾಡಿದ ನಾವು ಮನುಷ್ಯನಿಂದಲೇ ಅಪಾಯಕ್ಕೊಳಗಾದ ನಾಯಿಯ ಬಗ್ಗೆ ಎಷ್ಟು ಮಾತಾಡಿದೆವು?

ಹಾಗಾದರೆ ನಮ್ಮದೇ ಮುಧೋಳ ನಾಯಿ ತರೋಣ ಎಂದು ಉತ್ಸಾಹದಿಂದ ಹೊರಡುವವರನ್ನೂ ಇಲ್ಲಿಯೇ ತಡೆಯುತ್ತೇನೆ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅದರ ಅಂಚೆಚೀಟಿಯೂ ಬಂತು. ಅಭಿಮಾನ ಪಡಬೇಕಾದ ನಾಯಿ. ಆದರೆ ಅದು ಬಯಲಿನಲ್ಲಿ ಬಾಣದಂತೆ ಓಡಬೇಕಾದ ಬೇಟೆನಾಯಿ, ಮೂವತ್ತು–ನಲವತ್ತರ ಸೈಟಿನ ಗೇಟಿಗೆ ಕಟ್ಟುವ ನಾಯಿಯಲ್ಲ. ಹಸ್ಕಿಗೆ ಮಾಡಿದ್ದನ್ನೇ ಮುಧೋಳಕ್ಕೂ ಮಾಡುವುದಾದರೆ ನಾವು ಕಲಿತದ್ದೇನು? ಮನೆಗೆ ಜೊತೆಯಾಗಿ ಒಂದು ನಾಯಿ ಬೇಕೆನ್ನುವವರ ಓಣಿಯಲ್ಲೇ ಮರಿಗಳಿವೆ. ಬೀದಿಯ ನಾಡನಾಯಿಯ ಗಿಡ್ಡ ಕೂದಲು ಈ ಬಿಸಿಲಿಗೆ ಒಗ್ಗಿದ್ದು, ಅದರ ಬುದ್ಧಿ ಯಾವ ತಳಿಗೂ ಕಡಿಮೆಯಿಲ್ಲ. ಒಂದನ್ನು ತಂದು ಲಸಿಕೆ ಹಾಕಿಸಿ, ಸಂತಾನಹರಣ ಮಾಡಿಸಿದರೆ ಓಣಿಗೂ ಉಪಕಾರ.

ಈಗಾಗಲೇ ಹಸ್ಕಿ ಮಿಕ್ಸ್ ಮನೆಯಲ್ಲಿರುವವರು ಅದನ್ನು ಬಿಟ್ಟುಬಿಡಬೇಡಿ. ತಂದದ್ದು ತಪ್ಪಾಗಿದ್ದರೂ ಆ ತಪ್ಪಿನ ಭಾರ ನಾಯಿಯ ಮೇಲೆ ಹಾಕುವ ಹಕ್ಕು ನಿಮಗಿಲ್ಲ. ಬೇಸಿಗೆಯಲ್ಲಿ ನಸುಕಿನಲ್ಲಿ, ಹೊತ್ತು ಮುಳುಗಿ ನೆಲ ತಣಿದ ಮೇಲೆ ಮಾತ್ರ ನಡೆಸಿ. ಅಂಗೈಯ ಹಿಂಬದಿಯನ್ನು ರಸ್ತೆಯ ಮೇಲೆ ಐದಾರು ಸೆಕೆಂಡು ಇಡಲಾಗದಿದ್ದರೆ ಆ ರಸ್ತೆ ಅದರ ಪಾದಕ್ಕಲ್ಲ. ಕೊರಳಪಟ್ಟಿಗೆ ಹಗ್ಗ ಹಾಕಬೇಡಿ, ಎದೆಗೆ ಹಾಕುವ ಪಟ್ಟಿ ಬಳಸಿ. ಮಧ್ಯಾಹ್ನ ಗಾಳಿಯಾಡುವ, ನೆಲ ತಂಪಿರುವ ಒಳಕೋಣೆಯಲ್ಲಿ ನೀರಿನೊಂದಿಗೆ ಇರಿಸಿ, ಊಟವನ್ನು ಬಚ್ಚಿಟ್ಟು ಮೂಸಿ ಹುಡುಕುವ ಆಟ ಕಲಿಸಿ. ಬುದ್ಧಿಗೆ ಕೆಲಸ ಸಿಕ್ಕ ನಾಯಿ ಸೋಫಾ ಹರಿಯುವುದು ಕಡಿಮೆ. ಜೊಲ್ಲು ಸುರಿಸಿ, ಒಸಡು ಕಡುಕೆಂಪಾಗಿ, ಕಾಲು ಸೋತು ಬಿದ್ದರೆ ನೆರಳಿಗೆ ತಂದು ಹೊಟ್ಟೆ, ತೊಡೆಸಂದಿ, ಪಾದಕ್ಕೆ ತಣ್ಣೀರು ಸುರಿಯುತ್ತ ಫ್ಯಾನು ಹಚ್ಚಿ ಆಸ್ಪತ್ರೆಗೆ ಓಡಿ. ಬಾಯಿಗೆ ಬಲವಂತವಾಗಿ ನೀರು ಹಾಕಬೇಡಿ. ಮತ್ತೆ ಅದಕ್ಕೆ ಮರಿ ಹಾಕಿಸಬೇಡಿ. “ಒಂದ್ ಸಲ ತಾಯಿ ಆಗಲಿ” ಎಂಬ ಕನಿಕರವೂ ಇದೇ ವ್ಯಾಪಾರವನ್ನು ಬೆಳೆಸುತ್ತದೆ. ಸಂತಾನಹರಣ ಆಗದ ಹೆಣ್ಣಿಗೆ ಮುಪ್ಪಿನಲ್ಲಿ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ಕಾಯಿಲೆಯ ಭಯವೂ ಇದೆ.

ಇನ್ನು ಸರ್ಕಾರದ ಕೆಲಸ. ಪಕ್ಕದ ತಮಿಳುನಾಡು 2024ರ ತನ್ನ ನಾಯಿ ಸಂವರ್ಧನಾ ನೀತಿಯಲ್ಲಿ ತನ್ನ ಹವೆಗೆ ಒಗ್ಗದ ವಿದೇಶಿ ತಳಿಗಳಿಗೆ ಮರಿ ಮಾಡಿಸುವುದನ್ನು ತಡೆಯಿತು, ಆ ಪಟ್ಟಿಯಲ್ಲಿ ಸೈಬೀರಿಯನ್ ಹಸ್ಕಿ ಇದೆ, ಸೇಂಟ್ ಬರ್ನಾರ್ಡ್ ಇದೆ, ಪಗ್ ಇದೆ. ಕಲಬುರಗಿ, ರಾಯಚೂರಿನ ಬಿಸಿಲಿರುವ ಕರ್ನಾಟಕ ಇಂಥ ಪಟ್ಟಿ ಮಾಡಲು ಯಾರಿಗಾಗಿ ಕಾಯುತ್ತಿದೆ? ಮಾಡುವಾಗ ಶುದ್ಧ ತಳಿಯ ಹೆಸರಷ್ಟೇ ಬರೆದು ಬಿಡಬಾರದು, ಮಿಶ್ರತಳಿಯನ್ನೂ ಸೇರಿಸಬೇಕು. ಇಲ್ಲವಾದರೆ ಎಲ್ಲ ಹಸ್ಕಿಗಳೂ ರಾತ್ರೋರಾತ್ರಿ ‘ಮಿಕ್ಸ್’ ಆಗುತ್ತವೆ. ಹಾವೇರಿ, ರಾಣೇಬೆನ್ನೂರಿನ ನಗರಸಭೆಗಳು, ಬ್ಯಾಡಗಿಯ ಪುರಸಭೆ ತಮ್ಮ ವ್ಯಾಪ್ತಿಯಲ್ಲಿ ಮರಿ ಮಾರುವವರ ನೋಂದಣಿ ಪತ್ರ ತಪಾಸಣೆ ಮಾಡಲಿ. ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಬೇಕೆಂದು ನಿಯಮ ಬಂದದ್ದು 2001ರಲ್ಲಿ. ನಮ್ಮ ಜಿಲ್ಲಾಡಳಿತ ಅದರ ಸಭೆ ಕರೆದು, ಬೇಸಿಗೆ ಶುರುವಾಗುವ ಮೊದಲೇ ಈ ವಿಷಯ ಎತ್ತಲಿ. 50 ರೂಪಾಯಿಯ ದಂಡವನ್ನು ಬದಲಿಸಲು ನಮ್ಮ ಸಂಸದರು ದೆಹಲಿಯಲ್ಲಿ ಬಾಯಿ ತೆರೆಯಲಿ.

ಕೊಳ್ಳುವವರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮುಂದಿನ ಸಲ ಯಾರಾದರೂ ನೀಲಿ ಕಣ್ಣಿನ ಮರಿಯ ಫೋಟೊ ಕಳಿಸಿದರೆ ಮಂಡಳಿಯ ನೋಂದಣಿ ಪತ್ರ ಕೇಳಿ, ತಾಯಿನಾಯಿಯನ್ನು ಅದು ಇರುವ ಜಾಗದಲ್ಲೇ ತೋರಿಸಲು ಕೇಳಿ, ಮರಿ ಹುಟ್ಟಿದ ದಿನಾಂಕ ಕೇಳಿ. ತೋರಿಸದಿದ್ದರೆ ಆ ನಂಬರು, ಆ ಫೋಟೊ, ಆ ಮಾತುಕತೆಯ ಪ್ರತಿಯೊಂದಿಗೆ ಪಶುಸಂಗೋಪನಾ ಇಲಾಖೆಗೂ ಪೊಲೀಸ್ ಠಾಣೆಗೂ ಬರೆದು ದೂರು ಕೊಡಿ. ತೋರಿಸಿದರೂ, ಆ ಮರಿಯನ್ನು ಹಾವೇರಿ ಜಿಲ್ಲೆಗೆ ತರಬೇಡಿ.